ಮೈಕ್ ಹಿಡಿಯದವರಿಗೂ ವರ ಇದೆಯಾ?

ಆತ್ಮಿಕ ವರಗಳ ಬಗ್ಗೆ, ಅಂದರೆ ಪವಿತ್ರಾತ್ಮ ಸೇವೆಗಾಗಿ ಕೊಡುವ ಸಾಮರ್ಥ್ಯಗಳ ಬಗ್ಗೆ, ಈ ಸಲ ಪತ್ರಗಳು ಜಾಸ್ತಿ ಬಂದಿವೆ. ಎಲ್ಲಕ್ಕೂ ಉತ್ತರ ಬರೆಯಲು ಜಾಗ ಇಲ್ಲ, ಒಂದೇ ಥರದವನ್ನು ಬಿಟ್ಟು ಐದನ್ನು ಆರಿಸಿದ್ದೇನೆ. ಮೊದಲ ಉತ್ತರ ಸ್ವಲ್ಪ ಉದ್ದ ಆಯ್ತು, ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಅಕ್ಕ, ವಂದನೆಗಳು. ನನಗೆ 41 ವರ್ಷ, ಚಿಕ್ಕವಳಿದ್ದಾಗಿಂದ ಸಭೆಯಲ್ಲೇ ಬೆಳೆದವಳು. ನಮ್ಮ ಪಾಸ್ಟರ್ ಆಗಾಗ "ನಿಮ್ಮ ವರ ಯಾವುದು ಅಂತ ಕಂಡುಕೊಳ್ಳಿ, ಇಲ್ಲದಿದ್ದರೆ ತಲಾಂತು ಹೂತಿಟ್ಟ ಆಳಿನ ಗತಿಯೇ ನಿಮಗೂ" ಅಂತಾರೆ. ಯೇಸು ಹೇಳಿದ ಸಾಮ್ಯದಲ್ಲಿ ಯಜಮಾನ ಕೊಟ್ಟ ಹಣವನ್ನು ಮಣ್ಣಲ್ಲಿ ಹೂತಿಟ್ಟು ಶಿಕ್ಷೆ ಅನುಭವಿಸಿದನಲ್ಲ, ಆ ಆಳು. ಕೇಳಿದಾಗೆಲ್ಲ ಭಯ ಆಗುತ್ತೆ. ನನಗೆ ಹಾಡಲು ಬರಲ್ಲ. ನಾಲ್ಕು ಜನರ ಮುಂದೆ ಪ್ರಾರ್ಥನೆ ಮಾಡು ಅಂದರೆ ಗಂಟಲು ಕಟ್ಟುತ್ತೆ. ಫೋನಿನಲ್ಲಿ ವರ ಕಂಡುಹಿಡಿಯುವ ಪರೀಕ್ಷೆ ಮಾಡಿದೆ, ಒಂದು ಸಲ 'ಕರುಣೆ' ಅಂತ ಬಂತು, ಇನ್ನೊಂದು ಸಲ 'ಆಡಳಿತ' ಅಂತ ಬಂತು. ನಾನು ಮಾಡೋದು ಅಂದರೆ ಕೂಟ ಇದ್ದಾಗ ಅಡುಗೆ. ಅದೂ ನೆಟ್ಟಗೆ ಆಗಲ್ಲ. ಆರಾಧನೆ ಮುಗಿದ ಮೇಲೆ ಈ ವಾರ ಯಾವ ಅಜ್ಜಿ ಬಂದಿಲ್ಲ ಅಂತ ನೋಡಿ ಅವರಿಗೆ ಫೋನ್ ಮಾಡ್ತಾ ಕೂತುಬಿಡ್ತೀನಿ, ಅಷ್ಟರಲ್ಲಿ ಪಲಾವ್ ತಳ ಹಿಡಿದಿರುತ್ತೆ, ಬೈಸಿಕೊಳ್ತೀನಿ. ದೇವರು ನನಗೆ ಏನೂ ಕೊಟ್ಟಿಲ್ವಾ?
— ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಅಕ್ಕ ಅಂದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ನಿನ್ನ ಪತ್ರವನ್ನು ನೀನೇ ಇನ್ನೊಮ್ಮೆ ಓದು. ಪಲಾವ್ ತಳ ಹಿಡಿದ ಕತೆಯನ್ನು ತಪ್ಪೊಪ್ಪಿಕೊಳ್ಳುವವಳ ಹಾಗೆ ಬರೆದಿದ್ದೀಯ, ನನ್ನ ಕಣ್ಣು ನಿಂತಿದ್ದು ಮಾತ್ರ ಅಲ್ಲೇ. ಅಷ್ಟು ಜನ ಸೇರಿರುವ ಕಡೆ ಇವತ್ತು ಯಾವ ಅಜ್ಜಿ ಬಂದಿಲ್ಲ ಅನ್ನೋದು ಎಷ್ಟು ಜನರಿಗೆ ಗೊತ್ತಾಗುತ್ತೆ ಹೇಳು. ನಿನಗೆ ಗೊತ್ತಾಗುತ್ತೆ. ಗೊತ್ತಾದ ಮೇಲೆ ಸುಮ್ನೆ ಇರೋಕೂ ಆಗಲ್ಲ, ಒಲೆ ಮೇಲೆ ಪಾತ್ರೆ ಇದ್ದರೂ. ಯಾರೂ ಹೇಳಿಲ್ಲ, ಯಾರೂ ಹೊಗಳಿಲ್ಲ, ಬೈಸಿಕೊಂಡೂ ಮಾಡುತ್ತಿದ್ದೀಯ. ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ ಪೌಲ ಹೇಳುವ ವರಗಳಲ್ಲಿ ಇನ್ನೊಬ್ಬರಿಗೆ ಧೈರ್ಯ ತುಂಬುವುದೂ ಇದೆ, ಕರುಣೆ ತೋರಿಸುವುದೂ ಇದೆ. ಬೋಧನೆಯ ಜೊತೆ, ಪ್ರವಾದನೆಯ ಜೊತೆ, ಅದೇ ಸಾಲಿನಲ್ಲಿ.

ಬಾರ್ನಬನನ್ನು ನೆನಪು ಮಾಡಿಕೋ. ಸೌಲ, ಅಂದರೆ ಮುಂದೆ ಪೌಲ ಅನ್ನಿಸಿಕೊಂಡವನು, ಮನಸ್ಸು ತಿರುಗಿಸಿಕೊಂಡು ಯೆರೂಸಲೇಮಿಗೆ ಬಂದಾಗ ಶಿಷ್ಯರೆಲ್ಲ ಅವನನ್ನು ನಂಬದೆ ಹೆದರಿದ್ದರು. ಬಾರ್ನಬ ಕೈ ಹಿಡಿದು ಒಳಗೆ ಕರೆದುಕೊಂಡು ಹೋದ. ಆಮೇಲೆ ಆ ಸೌಲ ತಾರ್ಸದಲ್ಲಿ ಇದ್ದಾಗ, ಹುಡುಕಿಕೊಂಡು ಹೋಗಿ ಅಂತಿಯೋಕ್ಯಕ್ಕೆ ಕರೆತಂದವನೂ ಅವನೇ. ಬಾರ್ನಬ ಹಾಗೆ ಹುಡುಕಿಕೊಂಡು ಹೋದದ್ದರಿಂದಲೇ ಅಂತಿಯೋಕ್ಯದ ಸಭೆಗೆ ಪೌಲನ ಬೋಧನೆ ಸಿಕ್ಕಿತು. ಯಾರು ಬಂದಿಲ್ಲ ಅಂತ ನೋಡುವವರ ಕೆಲಸ ಇದು. ನೀನು ಭಾನುವಾರ ಮಧ್ಯಾಹ್ನ ಫೋನ್ ಹಿಡಿದುಕೊಂಡು ಮಾಡುವುದೂ ಅದನ್ನೇ.

ಇನ್ನು ಆ ಪರೀಕ್ಷೆ. ಇಂಥ ಪ್ರಶ್ನಾವಳಿಗಳು 1970ರ ದಶಕದಲ್ಲಿ ಅಮೆರಿಕದ ಸಭೆಗಳಲ್ಲಿ ಚಾಲ್ತಿಗೆ ಬಂದವು, ಈಗ ನಮ್ಮ ಫೋನಿಗೂ ಬಂದಿವೆ. ತಪ್ಪೇನಿಲ್ಲ, ಮಾತು ಶುರು ಮಾಡಲು ಆಗುತ್ತೆ. ಆದರೆ ಅದು ಕೇಳುವುದು ನಿನ್ನ ಬಗ್ಗೆ ನಿನಗೇ ಏನನ್ನಿಸುತ್ತೆ ಅಂತ. ಬೇಜಾರಲ್ಲಿದ್ದ ದಿನ ಒಂದು ಉತ್ತರ, ಖುಷಿಯಲ್ಲಿದ್ದ ದಿನ ಇನ್ನೊಂದು. ಅಲ್ಲದೆ ಸತ್ಯವೇದದಲ್ಲೇ ವರಗಳ ಪಟ್ಟಿ ಒಂದೇ ಥರ ಇಲ್ಲ. ರೋಮಾಪುರದವರಿಗೆ ಒಂದು, ಕೊರಿಂಥದವರಿಗೆ ಇನ್ನೊಂದು, ಎಫೆಸದವರಿಗೆ ಮತ್ತೊಂದು. ಪೇತ್ರ ಇನ್ನೂ ಸಲೀಸು ಮಾಡಿಬಿಟ್ಟ: ಮಾತಾಡುವವರು, ಸೇವೆ ಮಾಡುವವರು, ಅಷ್ಟೇ. ಎಲ್ಲವನ್ನೂ ಸೇರಿಸಿ ಒಂದು ಪೂರ್ತಿ ಪಟ್ಟಿ ಮಾಡಿ, ಅದರಲ್ಲಿ ನಮ್ಮ ಹೆಸರು ಎಲ್ಲಿದೆ ಅಂತ ಹುಡುಕಬೇಕು ಅನ್ನೋದು ಪೌಲನ ಉದ್ದೇಶ ಆಗಿರಲಿಲ್ಲ ಅಂತ ನನಗನ್ನಿಸುತ್ತದೆ.

ಹಾಗಾದರೆ ಮಾಡೋದೇನು? ನಿನ್ನನ್ನು ಚೆನ್ನಾಗಿ ಬಲ್ಲ ಇಬ್ಬರನ್ನು ಕೇಳು. "ನನ್ನಿಂದ ನಿಮಗೆ ಏನಾದರೂ ಒಳ್ಳೆಯದಾಗಿದ್ದರೆ ಅದು ಯಾವಾಗ?" ಅಂತ ಕೇಳು. ನನ್ನ ವರ ಯಾವುದು ಅಂತ ಕೇಳಿದರೆ ಅವರೂ ತಬ್ಬಿಬ್ಬಾಗುತ್ತಾರೆ. ಆ ಅಜ್ಜಿಯರಲ್ಲೇ ಒಬ್ಬರನ್ನು ಕೇಳಿದರೆ ಇನ್ನೂ ಒಳ್ಳೆಯದು. ಆಮೇಲೆ ಪಾಸ್ಟರ್ ಹತ್ತಿರ ಹೋಗಿ ಧೈರ್ಯವಾಗಿ ಹೇಳು: ಬರದೇ ಇರುವವರನ್ನು, ಹುಷಾರಿಲ್ಲದವರನ್ನು ನೋಡಿಕೊಳ್ಳುವ ಕೆಲಸ ನನಗೆ ಕೊಡಿ, ಅಡುಗೆಗೆ ಬೇರೆಯವರನ್ನು ನೋಡಿ. ಒಂದು ನೋಟ್‌ಬುಕ್ ಇಟ್ಟುಕೋ. ಯಾರಿಗೆ ಮಂಡಿ ಆಪರೇಶನ್ ಆಗಿದೆ, ಯಾರ ಮಗ ದುಬೈಯಿಂದ ಫೋನ್ ಮಾಡಿಲ್ಲ, ಯಾರಿಗೆ ಸಂಜೆ ಹೊತ್ತು ಒಬ್ಬರೇ ಇರೋಕೆ ಭಯ, ಎಲ್ಲ ಬರೆದಿಡು. ಆರು ತಿಂಗಳು ಮಾಡಿ ನೋಡು. ಆಗಲೂ ಮನಸ್ಸು ಅತ್ತ ಎಳೆಯುತ್ತಿದ್ದರೆ, ಇನ್ನೂ ಇಬ್ಬರು "ನಾವೂ ಬರ್ತೀವಿ" ಅಂತ ನಿನ್ನ ಜೊತೆ ಸೇರಿದ್ದರೆ, ಇನ್ನೇನು ಪರೀಕ್ಷೆ ಬೇಕು?

ಒಂದು ಮಾತು ಸಿಟ್ಟಿನಿಂದಲೇ ಬರೆಯುತ್ತೇನೆ. ನಮ್ಮ ಎಷ್ಟೋ ಸಭೆಗಳಲ್ಲಿ ಹೆಂಗಸರಿಗೆ ಸೇವೆಯ ವರ ಇದೆ ಅಂದರೆ ಅಡುಗೆಮನೆಗೆ ಕಳಿಸುವುದು ಅಂತಲೇ ಅರ್ಥ. ಪ್ರಿಸ್ಕಿಲ್ಲ ತನ್ನ ಗಂಡನ ಜೊತೆ ಕೂತು ಅಪೊಲ್ಲೋಸನಂಥ ಪಂಡಿತನಿಗೆ ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ವಿವರಿಸಿದಳು. ಇನ್ನು ಊಟ ಬಡಿಸುವುದಕ್ಕೆ ಯೆರೂಸಲೇಮಿನ ಸಭೆ ಆರಿಸಿದ್ದು ಏಳು ಜನ ಗಂಡಸರನ್ನು. ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗುತ್ತಿಲ್ಲ ಅಂತ ಗಲಾಟೆ ಆದಾಗ, ಪವಿತ್ರಾತ್ಮಭರಿತರೂ ಜ್ಞಾನಿಗಳೂ ಆದವರು ಬೇಕು ಅಂತ ಹುಡುಕಿ ಆ ಕೆಲಸಕ್ಕೆ ಹಾಕಿದರು. ಸ್ತೆಫನ ಅವರಲ್ಲಿ ಒಬ್ಬ. ಮುಂದಿನ ಕೂಟಕ್ಕೆ ಹಂಡೆ ತೊಳೆಯಲು ನಿಮ್ಮ ಸಭೆಯ ಹಿರಿಯರನ್ನು ಕರೆಯಿರಿ, ಆಧಾರ ವಚನ ಅಪೊಸ್ತಲರ ಕೃತ್ಯಗಳು 6.

ತಲಾಂತು ಹೂತಿಟ್ಟ ಆಳಿನ ವಿಷಯ. ಅವನು ಯಾಕೆ ಹೂತಿಟ್ಟ? ಯಜಮಾನನಿಗೆ ಹೆದರಿ. ಅವನೇ ಬಾಯಿಬಿಟ್ಟು ಹಾಗೆ ಹೇಳುತ್ತಾನೆ. ಆ ಕತೆ ಹೇಳಿ ಜನರನ್ನು ಇನ್ನೂ ಹೆದರಿಸಿದರೆ ಅವರು ಗುಂಡಿಯನ್ನು ಇನ್ನೂ ಆಳ ತೋಡುತ್ತಾರೆ, ಅಷ್ಟೇ. ನಿಮ್ಮ ಪಾಸ್ಟರ್ ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಈ ಪತ್ರಿಕೆ ಅವರ ಮನೆಗೂ ಬರುತ್ತಿರಲಿ ಅಂತ ಆಶಿಸುತ್ತೇನೆ.

ಪ್ರಶ್ನೆ: ಅಕ್ಕ, ನಾನು ಡಿಗ್ರಿ ಓದ್ತಿರೋ ಹುಡುಗ. ನಾನು ಹೋಗುವ ಪ್ರಾರ್ಥನಾ ಕೂಟದಲ್ಲಿ ಅನ್ಯಭಾಷೆ (ಪ್ರಾರ್ಥನೆಯಲ್ಲಿ ಕಲಿಯದ ಭಾಷೆ ಆಡುವುದು) ಬರದಿದ್ದರೆ ಪವಿತ್ರಾತ್ಮ ಬಂದಿಲ್ಲ ಅಂತಾರೆ. ರಾತ್ರಿಯೆಲ್ಲ ಕೂರಿಸಿ 'ಹಲ್ಲೆಲೂಯ' ಅಂತ ಜೋರು ಜೋರಾಗಿ ಹೇಳಿಸಿದರು. ಕೊನೆಗೆ ಸುಸ್ತಾಗಿ ಬಾಯಿಗೆ ಬಂದ ಶಬ್ದ ಮಾಡಿದೆ. ಎಲ್ಲರೂ ಚಪ್ಪಾಳೆ ತಟ್ಟಿ ತಬ್ಬಿಕೊಂಡರು. ಅವತ್ತಿಂದ ನಿದ್ದೆ ಬರ್ತಿಲ್ಲ.
— ರಾಯಚೂರು

ಉತ್ತರ: ತಮ್ಮಾ, ಮೊದಲು ಚೆನ್ನಾಗಿ ನಿದ್ದೆ ಮಾಡು. ದಣಿದ ಹುಡುಗನೊಬ್ಬ ಮನೆಗೆ ಹೋಗಲಿಕ್ಕೆ ಒಂದು ದಾರಿ ಹುಡುಕಿಕೊಂಡ, ಅಷ್ಟೇ. ದೇವರಿಗೆ ಅದು ಅರ್ಥವಾಗುತ್ತದೆ. ಆ ಕೂಟದಲ್ಲಿ ನೀನು ನಂಬುವ ಹಿರಿಯರು ಒಬ್ಬರಾದರೂ ಇದ್ದರೆ ನಡೆದದ್ದನ್ನು ನಡೆದ ಹಾಗೇ ಹೇಳಿಬಿಡು. ಎದೆ ಹಗುರಾಗುತ್ತೆ.

ಅನ್ಯಭಾಷೆ ಅನ್ನುವ ವರವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ನಿಮ್ಮೆಲ್ಲರಿಗಿಂತ ನಾನು ಹೆಚ್ಚಾಗಿ ಆಡುತ್ತೇನೆ ಅಂತ ಪೌಲನೇ ಕೊರಿಂಥದವರಿಗೆ ಮೊದಲ ಪತ್ರದಲ್ಲಿ ಬರೆದ. ಆದರೆ ಅದೇ ಪತ್ರದಲ್ಲಿ, ಎಲ್ಲರೂ ಅನ್ಯಭಾಷೆ ಆಡುತ್ತಾರೆಯೇ ಅಂತಲೂ ಕೇಳುತ್ತಾನೆ. ಅದಕ್ಕೆ ಉತ್ತರ 'ಇಲ್ಲ' ಅಂತ ಸಣ್ಣ ಮಕ್ಕಳಿಗೂ ಗೊತ್ತಾಗುತ್ತೆ. 14ನೇ ಅಧ್ಯಾಯವನ್ನು ನಿಧಾನವಾಗಿ ಓದು. ಆಡುವುದಾದರೆ ಇಬ್ಬರು, ಹೆಚ್ಚೆಂದರೆ ಮೂವರು, ಅದೂ ಒಬ್ಬರಾದ ಮೇಲೆ ಒಬ್ಬರು. ಅರ್ಥ ಹೇಳುವವರು ಇಲ್ಲದಿದ್ದರೆ ಸಭೆಯಲ್ಲಿ ಸುಮ್ಮನಿರಬೇಕು. ರಾತ್ರಿಯೆಲ್ಲ ಕೂರಿಸಿ ಹೇಳಿಸುವ ಪದ್ಧತಿ ಅಲ್ಲೆಲ್ಲೂ ಕಾಣಿಸುವುದಿಲ್ಲ.

ಪಂಡಿತಾ ರಮಾಬಾಯಿಯ ಹೆಸರು ಕೇಳಿರುತ್ತೀಯ. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಅವರು ನಡೆಸುತ್ತಿದ್ದ ಮುಕ್ತಿ ಮಿಶನ್ನಿನಲ್ಲಿ 1905ರಲ್ಲಿ ದೊಡ್ಡ ಉಜ್ಜೀವನ, ಅಂದರೆ ಭಕ್ತಿಯ ಹೊಸ ಅಲೆ, ಆಯಿತು. ಅಲ್ಲಿದ್ದ ಹೆಣ್ಣುಮಕ್ಕಳಲ್ಲಿ ಕೆಲವರು ಅನ್ಯಭಾಷೆಯಲ್ಲಿ ಮಾತಾಡಿದರು, ರಮಾಬಾಯಿ ಅದಕ್ಕೆ ಅಡ್ಡಿ ಮಾಡಲಿಲ್ಲ, ಬೆಂಬಲಿಸಿದರು. ಆದರೆ ಅವರಿಗೆ ಆ ವರ ಬರಲಿಲ್ಲ. ಅದಕ್ಕಾಗಿ ಅವರು ಕೊರಗುತ್ತಲೂ ಕೂರಲಿಲ್ಲ. ಬರಗಾಲದಲ್ಲಿ ದಿಕ್ಕಿಲ್ಲದ ಹೆಣ್ಣುಮಕ್ಕಳನ್ನು ಕರೆತಂದು ಸಾಕಿದರು, ಓದಿಸಿದರು. ಹೀಬ್ರೂ, ಗ್ರೀಕ್ ಕಲಿತು ಬೈಬಲ್ಲನ್ನು ಮರಾಠಿಗೆ ತಂದರು, ಮುಕ್ತಿಯ ಹೆಂಗಸರೇ ಅದಕ್ಕೆ ಅಚ್ಚುಮೊಳೆ ಜೋಡಿಸಿದರು. ರಮಾಬಾಯಿಗೆ ಪವಿತ್ರಾತ್ಮ ಬಂದಿರಲಿಲ್ಲ ಅಂತ ನಿನ್ನ ಕೂಟದವರು ಹೇಳುತ್ತಾರಾ? ಕೇಳಿ ನೋಡು.

ಪ್ರಶ್ನೆ: ಸಾಫ್ಟ್‌ವೇರ್ ಕೆಲಸ ನನ್ನದು. ಕೋಡ್ ಬರೆಯೋದು ಬಿಟ್ಟರೆ ಬೇರೇನೂ ಬರಲ್ಲ. ಇದು ಬರೀ ಹೊಟ್ಟೆಪಾಡಿನ ವಿದ್ಯೆ, ಆತ್ಮಿಕ ವರ ಬೇರೆ ಅಲ್ವಾ?
— ಬೆಂಗಳೂರು

ಉತ್ತರ: ಅಷ್ಟು ಸುಲಭವಾಗಿ ಗೆರೆ ಎಳೆಯಲು ಆಗಲ್ಲ. ವಿಮೋಚನಕಾಂಡ 31ರಲ್ಲಿ ದೇವರು ತನ್ನ ಆತ್ಮವನ್ನು ತುಂಬಿಸಿದ್ದೇನೆ ಅಂತ ಹೇಳುವುದು ಬೆಚಲೇಲನ ಬಗ್ಗೆ. ಅವನು ಮಾಡುತ್ತಿದ್ದದ್ದು ಚಿನ್ನ, ಬೆಳ್ಳಿ, ತಾಮ್ರದ ಕೆಲಸ, ಕಲ್ಲು ಕೆತ್ತುವುದು, ಮರಗೆಲಸ.

ನಮ್ಮ ಮಂಗಳೂರನ್ನೇ ನೋಡಿ. ಕ್ರಿಸ್ತನನ್ನು ನಂಬಿದ ಎಷ್ಟೋ ಜನರನ್ನು ಜಾತಿಯಿಂದ ಹೊರಗೆ ಹಾಕಿದ್ದರು, ಅವರಿಗೆ ಕಸುಬೂ ಹೋಯಿತು, ಮನೆಯೂ ಹೋಯಿತು. ಬರೀ ಪ್ರಸಂಗ ಮಾಡಿದರೆ ಅವರ ಹೊಟ್ಟೆ ತುಂಬುತ್ತಿತ್ತಾ? ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಶನ್ ಅಚ್ಚುಕೂಟ, ನೇಯ್ಗೆ ಎಲ್ಲ ಶುರು ಮಾಡಿತು. ಜಾರ್ಜ್ ಪ್ಲೆಬ್ಸ್ಟ್ ಅನ್ನುವವರು ಇಲ್ಲಿಯ ಜೇಡಿಮಣ್ಣನ್ನು ಪರೀಕ್ಷೆ ಮಾಡಿ 1865ರಲ್ಲಿ ಹಂಚಿನ ಕಾರ್ಖಾನೆ ಕಟ್ಟಿದರು. ಅದೇ ಮಿಶನ್ನಿನ ಕಿಟ್ಟೆಲ್ ಕನ್ನಡ ನಿಘಂಟಿನ ಹಿಂದೆ ಬಿದ್ದು ವರ್ಷಗಟ್ಟಲೆ ದುಡಿದರು, 1894ರಲ್ಲಿ ಅದು ಅಚ್ಚಾಯಿತು. ಪ್ಲೆಬ್ಸ್ಟ್ ಹಂಚು ಸುಟ್ಟದ್ದು ಆತ್ಮಿಕವಲ್ಲ ಅಂತ ನನಗಂತೂ ಹೇಳಲು ಬಾಯಿ ಬರುವುದಿಲ್ಲ. ವರವನ್ನು ಕೊಡುವುದು ಎಲ್ಲರ ಪ್ರಯೋಜನಕ್ಕಾಗಿ ಅಂತ 1 ಕೊರಿಂಥ 12ರಲ್ಲಿ ಇದೆ. ನಿಮ್ಮ ವಿದ್ಯೆ ಅಲ್ಲಿಗೆ ತಲುಪುತ್ತಿದೆಯಾ ಅನ್ನೋದನ್ನು ನೋಡಿಕೊಳ್ಳಿ.

ಹಾಗಂತ ಸಭೆಯವರು ನಿಮ್ಮನ್ನು ಕಂಡ ಕೂಡಲೇ ಪ್ರೊಜೆಕ್ಟರ್, ಲೈವ್, ಸೌಂಡ್ ಎಲ್ಲ ತಲೆಗೆ ಕಟ್ಟಿದರೆ ಒಪ್ಪಲೇಬೇಕು ಅಂತಿಲ್ಲ. ವಾರವಿಡೀ ಲ್ಯಾಪ್‌ಟಾಪ್ ನೋಡಿದವರಿಗೆ ಭಾನುವಾರ ಸಂಡೇ ಸ್ಕೂಲ್ ಮಕ್ಕಳ ಜೊತೆ ನೆಲದ ಮೇಲೆ ಕೂರಬೇಕು ಅನ್ನಿಸಿದರೆ ಹಾಗೇ ಮಾಡಿ. ಕೋಡ್ ಬಿಟ್ಟು ಬೇರೇನೂ ಬರಲ್ಲ ಅನ್ನೋದು ಸುಳ್ಳು ಅಂತ ಅಲ್ಲೇ ಗೊತ್ತಾಗಬಹುದು.

ಪ್ರಶ್ನೆ: ನನಗೆ ಬೋಧನೆಯ ವರ ಇದೆ. ಪ್ರತಿದಿನ ಗಂಟೆಗಟ್ಟಲೆ ಸತ್ಯವೇದ ಓದುತ್ತೇನೆ. ಆದರೆ ನಮ್ಮ ಅಯ್ಯನವರು ಎಂಟು ವರ್ಷದಿಂದ ಒಂದು ಭಾನುವಾರವೂ ನನಗೆ ಪ್ರಸಂಗಪೀಠ ಕೊಟ್ಟಿಲ್ಲ. ಸಭೆ ಬಿಡಲೇ?
— ಶಿವಮೊಗ್ಗ

ಉತ್ತರ: ಬಿಡಬೇಡಿ. ಮೊದಲು ಇದನ್ನು ಹೇಳಿ, ನಿಮಗೆ ಬೋಧನೆಯ ವರ ಇದೆ ಅಂತ ಯಾರು ಹೇಳಿದರು? ನೀವೇ ಆದರೆ, ಸ್ವಲ್ಪ ತಡೆಯಿರಿ. ನೀವು ಹೇಳಿಕೊಟ್ಟದ್ದರಿಂದ ಒಬ್ಬರಿಗೆ ಏನೋ ತಿಳಿಯಿತು, ಅವರು ಮುಂದಿನ ವಾರ ಇನ್ನೊಬ್ಬರನ್ನು ಕರೆತಂದರು ಅಂತಿದ್ದರೆ ಅದು ಬೇರೆ ಮಾತು. ಅದಕ್ಕೆ ಪ್ರಸಂಗಪೀಠ ಬೇಕಾಗಿಲ್ಲ. ದೃಢೀಕರಣಕ್ಕೆ (ಸಭೆಯ ಪೂರ್ಣ ಸದಸ್ಯರಾಗುವುದಕ್ಕೆ) ತಯಾರಾಗುತ್ತಿರುವ ಮಕ್ಕಳಿರುತ್ತಾರೆ, ಓದಲು ಬಾರದ ಹಿರಿಯರಿರುತ್ತಾರೆ, ಅವರಿಗೆ ಬೋಧಿಸಿ.

ಇನ್ನೊಂದು ಪಕ್ಷವೂ ಇದೆ. ಎಂಟು ವರ್ಷ ಒಬ್ಬ ಸದಸ್ಯನಿಗೆ ಒಂದು ಭಾನುವಾರವೂ ಅವಕಾಶ ಕೊಡದ ಅಯ್ಯನವರೂ ಯೋಚನೆ ಮಾಡಬೇಕು. ಎಫೆಸದವರಿಗೆ ಬರೆದ ಪತ್ರದ 4ನೇ ಅಧ್ಯಾಯದ ಪ್ರಕಾರ ಸಭಾಪಾಲಕರ ಕೆಲಸವೇ ಜನರನ್ನು ಸೇವೆಗೆ ತಯಾರು ಮಾಡುವುದು. ಇಬ್ಬರೂ ಒಂದು ಸಂಜೆ ಚಹಾ ಕುಡಿಯುತ್ತಾ ಮಾತಾಡಿ. ಜಗಳಕ್ಕೆ ಹೋಗಬೇಡಿ, ಒಂದು ಕೆಲಸ ಕೇಳಿಕೊಳ್ಳಿ.

ಪ್ರಶ್ನೆ: ಪ್ರವಾದನೆಯ ವರ ಇದೆ ಅನ್ನುವ ಒಬ್ಬರು ಬೇರೆ ಊರಿಂದ ಬಂದು ನಮ್ಮ ಮಗಳಿಗೆ ಪ್ರಾರ್ಥನೆ ಮಾಡಿದರು. ಇಂಥದೇ ಹುಡುಗನ ಜೊತೆ ಮೂರು ತಿಂಗಳಲ್ಲಿ ಮದುವೆ ಆಗಬೇಕು, ಇಲ್ಲದಿದ್ದರೆ ಆಶೀರ್ವಾದ ತಪ್ಪಿಹೋಗುತ್ತದೆ ಅಂದರು. ಕಾಣಿಕೆ ಅಂತ ದೊಡ್ಡ ಮೊತ್ತ ಕೇಳಿದ್ದಾರೆ. ಏನು ಮಾಡೋಣ?
— ಒಬ್ಬ ತಾಯಿ, ಬೀದರ್

ಉತ್ತರ: ಅಮ್ಮಾ, ಹಣ ಕೊಡಬೇಡಿ. ಪ್ರವಾದಿಗಳು ಮಾತಾಡಿದ್ದನ್ನು ಮಿಕ್ಕವರು ತೂಗಿ ನೋಡಬೇಕು ಅಂತ ಪೌಲ ಬರೆದಿದ್ದಾನೆ. ಎಲ್ಲವನ್ನೂ ಪರಿಶೋಧಿಸಿ ಅಂತ ಥೆಸಲೋನಿಕದವರಿಗೂ ಹೇಳಿದ್ದಾನೆ. ಪರಿಶೋಧಿಸಲು ಸಮಯ ಕೊಡದೆ, ಮೂರು ತಿಂಗಳ ಗಡುವು ಹಾಕಿ, ಜೊತೆಗೆ ಹಣವನ್ನೂ ಕೇಳುವ ಮಾತನ್ನು ನಾನಂತೂ ನಂಬುವುದಿಲ್ಲ. ಸಮಾರ್ಯದ ಸಿಮೋನ ದುಡ್ಡು ತಂದು ಪವಿತ್ರಾತ್ಮನನ್ನು ಕೊಡುವ ಶಕ್ತಿ ನನಗೂ ಕೊಡಿ ಅಂದಾಗ ಪೇತ್ರ ಅವನನ್ನು ಹೇಗೆ ಗದರಿಸಿದ ಅಂತ ಕೃತ್ಯಗಳು 8ರಲ್ಲಿ ಓದಿ. ನಿಮ್ಮ ಸಭಾಪಾಲಕರಿಗೂ ಹಿರಿಯರಿಗೂ ಈ ವಿಷಯ ತಿಳಿಸಿ, ಆ ವ್ಯಕ್ತಿ ನಾಳೆ ಇನ್ನೊಂದು ಮನೆಗೂ ಹೋಗಬಹುದು.

ಇಲ್ಲಿ ಅಚ್ಚು ಹಾಕಿಲ್ಲ, ಆದರೆ ಆ ಹುಡುಗನ ಬಗ್ಗೆ, ಅವನ ಮನೆಯವರ ಬಗ್ಗೆ ಎರಡು ಪುಟ ಬರೆದಿದ್ದೀರಿ. ಮಗಳಿಗೆ ಈ ಮದುವೆ ಇಷ್ಟ ಇದೆಯಾ ಅಂತ ಎಲ್ಲೂ ಬರೆದಿಲ್ಲ. ಅವಳನ್ನು ಕೇಳಿ.