ಹಡಗಿನಲ್ಲಿ ತಂಗಿಗೆ ಕಿರುಕುಳ, ಕ್ಯಾಪ್ಟನ್ ಕೇಳುತ್ತಿಲ್ಲ: ಸಕಲೇಶಪುರದವರ ಪ್ರಶ್ನೆಗೆ ಪ್ರತಿಕ್ರಿಯೆ

ಸೆಕೆಂಡ್ ಆಫೀಸರ್ ರಾತ್ರಿ ತನ್ನ ಕ್ಯಾಬಿನ್ ಬಾಗಿಲು ತಟ್ಟುತ್ತಾನೆ ಅಂತ ಹಡಗಿನಲ್ಲಿ ಕೆಲಸ ಮಾಡುವ ನಿಮ್ಮ ತಂಗಿ ಹೇಳಿದಾಗ ಕ್ಯಾಪ್ಟನ್ "ಸುಮ್ನಿರು" ಅಂದಿದ್ದು, ಬಹುಶಃ ವಿಷಯ ಹಡಗಿನೊಳಗೇ ಮುಗಿಯಲಿ ಅಂತ. ನಿಮ್ಮ ತಂಗಿಯದು ಏನೂ ತಪ್ಪಿಲ್ಲ. ಕ್ಯಾಪ್ಟನ್‌ರನ್ನು ದಾಟಿ ಹೋಗಬೇಕು, ಅಷ್ಟೇ.

ಇವತ್ತೇ ದಿನಾಂಕ, ಗಂಟೆ, ನೋಡಿದವರ ಹೆಸರು ಬರೆದಿಡಲಿ. ಮೆಸೇಜುಗಳ ಸ್ಕ್ರೀನ್‌ಶಾಟ್ ನಿಮಗೆ ಕಳಿಸಲಿ. ಆಮೇಲೆ ಹಡಗಿನ ಕಂಪನಿಯ ಡಿಪಿಎಗೆ (ಡೆಸಿಗ್ನೇಟೆಡ್ ಪರ್ಸನ್ ಅಶೋರ್) ಇಮೇಲ್ ಮಾಡಲಿ. ದಡದಲ್ಲಿರುವ ಈ ಅಧಿಕಾರಿ ಕಂಪನಿಯ ಮೇಲಿನವರಿಗೆ ನೇರವಾಗಿ ಹೇಳಬಲ್ಲವರು. ಕಾರಿಡಾರಿನಲ್ಲಿ ಸಿಸಿಟಿವಿ ಇದ್ದರೆ ಅದನ್ನು ಉಳಿಸಿಡಿ ಅಂತ ಅದೇ ಮೇಲ್‌ನಲ್ಲಿ ಕೇಳಲಿ. ತಡವಾದರೆ ಅಳಿಸಿಹೋಗುತ್ತದೆ ಅಲ್ವಾ.

ಭಾರತದ ಕಂಪನಿಯಾದರೆ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ಕಂಪನಿಯ ಆಂತರಿಕ ಸಮಿತಿಗೂ ದೂರು ಕೊಡಲಿ, ಘಟನೆ ನಡೆದ 3 ತಿಂಗಳೊಳಗೆ.

ಆ ಆಫೀಸರ್ ಮೈ ಮುಟ್ಟಿದ್ದಾನಾ? ಹಾಗಿದ್ದು ಅವನು ಭಾರತೀಯನಾದರೆ ಸಕಲೇಶಪುರ ಠಾಣೆಯಲ್ಲೇ ಝೀರೋ ಎಫ್‌ಐಆರ್ (ಘಟನೆ ಎಲ್ಲೇ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದಾಖಲಿಸಬಹುದಾದ ದೂರು) ಕೇಳಿ. ಹಡಗಿನ ಬಾವುಟ, ಅಂದರೆ ನೋಂದಣಿ, ಬೇರೆ ದೇಶದ್ದಾದರೆ ತನಿಖೆ ನಿಧಾನವಾಗಬಹುದು. ಆದರೂ ದೂರು ದಾಖಲಾಗಲಿ.