ಅಮ್ಮನ ಬಿಪಿ, ಶುಗರ್ ಮಾತ್ರೆಯ ಖರ್ಚು ಇಳಿಸೋದು ಹೇಗೆ?

ಪ್ರಶ್ನೆ: ನಮ್ಮದು ಆಲೂರು ಹತ್ತಿರದ ಹಳ್ಳಿ. ಅಮ್ಮನಿಗೆ 64 ವರ್ಷ. ಬಿಪಿ, ಶುಗರ್, ಕೊಲೆಸ್ಟ್ರಾಲ್ ಮೂರೂ ಇದೆ. ಮಾತ್ರೆಗೇ ತಿಂಗಳಿಗೆ 1,900 ರೂಪಾಯಿ ಬೇಕು. ಹಾಸನದ ಮೆಡಿಕಲ್‌ನಲ್ಲಿ ಶೇ 10 ಬಿಡುತ್ತಾರೆ, ಅಷ್ಟೇ. ದುಡ್ಡು ಉಳಿಸೋಕೆ ಅಮ್ಮ ಈಗ ಬಿಪಿ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದಾರೆ. ಸರ್ಕಾರದ ಜನೌಷಧಿ ಅಂಗಡಿಯ ಕಡಿಮೆ ಬೆಲೆಯ ಮಾತ್ರೆಗೆ ಪವರ್ ಇಲ್ಲ ಅಂತಾರೆ, ನಿಜವಾ?

ಉತ್ತರ: ದಿನ ಬಿಟ್ಟು ದಿನ ನುಂಗೋದನ್ನು ಇವತ್ತೇ ನಿಲ್ಲಿಸಿ. ಬಿಪಿ ಏರಿದರೆ ಎಷ್ಟೋ ಜನರಿಗೆ ಗೊತ್ತೇ ಆಗಲ್ಲ. ಸ್ಟ್ರೋಕ್ ಆದರೆ ಆಸ್ಪತ್ರೆ ಖರ್ಚಿನ ಮುಂದೆ ಈ ಉಳಿತಾಯ ಯಾವ ಲೆಕ್ಕಕ್ಕೂ ಇಲ್ಲ.

ಪವರ್ ಇಲ್ಲ ಅನ್ನೋದು ಸುಮ್ನೆ ಮಾತು. ಜನೌಷಧಿಗೆ ಬರುವ ಪ್ರತಿ ಬ್ಯಾಚನ್ನೂ ಮಾನ್ಯತೆ ಪಡೆದ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಯೇ ಬಿಡುತ್ತಾರೆ. ಬೆಲೆ ದೊಡ್ಡ ಬ್ರ್ಯಾಂಡ್‌ಗಿಂತ ಸಾಮಾನ್ಯವಾಗಿ ಶೇ 50ರಿಂದ 80ರಷ್ಟು ಕಡಿಮೆ. ಎಂಆರ್‌ಪಿಯೇ ಜಾಸ್ತಿ ಇದ್ದಾಗ ಶೇ 10 ಬಿಟ್ಟರೆ ಏನು ಬಂತು? ನೋಡಬೇಕಾದ್ದು ಡಿಸ್ಕೌಂಟ್ ಅಲ್ಲ, ಒಳಗಿರುವ ಔಷಧಿಯ ಹೆಸರು.

ಅಮ್ಮನ ಸ್ಟ್ರಿಪ್ ಕೈಗೆ ತಗೊಂಡು ಓದಿ. ಬ್ರ್ಯಾಂಡ್ ಹೆಸರಿನ ಜೊತೆಗೇ ಟೆಲ್ಮಿಸಾರ್ಟನ್ 40 ಎಂಜಿ, ಮೆಟ್‌ಫಾರ್ಮಿನ್ 500 ಎಂಜಿ ಎಸ್‌ಆರ್, ಅಟೊರ್ವಾಸ್ಟಾಟಿನ್ 10 ಎಂಜಿ ಅಂತ ಏನಾದರೂ ಇರುತ್ತದೆ. ಒಳಗಿರುವ ಔಷಧಿಯ ಈ ಹೆಸರೇ ಜೆನೆರಿಕ್ ಹೆಸರು. ಅದನ್ನು ಬರೆದುಕೊಂಡು ಡಾಕ್ಟರ ಹತ್ತಿರ ಹೋಗಿ, "ಸರ್, ಜೆನೆರಿಕ್ ಹೆಸರಲ್ಲೇ ಚೀಟಿ ಬರೆದುಕೊಡಿ" ಅಂತ ಕೇಳಿ. ಸಂಕೋಚ ಬೇಡ. ಚೀಟಿಯಲ್ಲಿ ಬ್ರ್ಯಾಂಡ್ ಹೆಸರೇ ಇದ್ದರೆ ಅಂಗಡಿಯವರು ತಾವಾಗಿ ಬೇರೆ ಕೊಡುವ ಹಾಗಿಲ್ಲ, ಅದಕ್ಕೇ ಡಾಕ್ಟರ ಕೈಯಲ್ಲೇ ಬರೆಸಬೇಕು. ಎಂಜಿ ಹಳೇ ಮಾತ್ರೆಯಷ್ಟೇ ಇರಬೇಕು, ಎಸ್‌ಆರ್ ಇದ್ದರೆ ಎಸ್‌ಆರ್ ಮಾತ್ರೆಯೇ ಬೇಕು. ಅದು ನಿಧಾನಕ್ಕೆ ಕರಗುವ ಮಾತ್ರೆ, ಮುರಿದು ಅರ್ಧ ನುಂಗಬಾರದು.

ಎಡವಟ್ಟು ಆಗೋದು ಮನೆಯಲ್ಲಿ. ಹೊಸ ಮಾತ್ರೆಯ ಬಣ್ಣ, ಆಕಾರ ಬೇರೆ ಇರುತ್ತೆ, ವಯಸ್ಸಾದವರು ಇದು ಇನ್ನೊಂದು ಔಷಧಿ ಅಂದುಕೊಂಡು ಹಳೇದನ್ನೂ ಹೊಸದನ್ನೂ ಎರಡೂ ನುಂಗಿಬಿಡುತ್ತಾರೆ, ಅದು ಗ್ಲಿಮೆಪಿರೈಡ್ ಥರದ ಶುಗರ್ ಮಾತ್ರೆ ಆಗಿದ್ದರೆ ಶುಗರ್ ಇಳಿದು ತಲೆ ಸುತ್ತಿ ಬೀಳಬಹುದು. ಹಳೇ ಸ್ಟ್ರಿಪ್ ಪೂರ್ತಿ ಮುಗಿದ ಮೇಲೇ ಹೊಸದನ್ನು ಡಬ್ಬಿಗೆ ಹಾಕಿ. ಬದಲಾಯಿಸಿದ ಎರಡು ಮೂರು ವಾರಕ್ಕೆ ಒಮ್ಮೆ ಬಿಪಿ, ಶುಗರ್ ನೋಡಿಸಿ. ಥೈರಾಯ್ಡ್, ಫಿಟ್ಸ್ ಮಾತ್ರೆ ಅಥವಾ ರಕ್ತ ತೆಳುವಾಗಿಸುವ ವಾರ್ಫರಿನ್ ತಗೊಳ್ಳುವವರು ಮಾತ್ರ ಡಾಕ್ಟರನ್ನು ಕೇಳದೆ ಕಂಪನಿ ಬದಲಾಯಿಸಬೇಡಿ.

ಜನೌಷಧಿಯ ನಿಜವಾದ ತೊಂದರೆ ಸ್ಟಾಕ್. ಹೊರಡುವ ಮೊದಲು ಫೋನ್ ಮಾಡಿ ಕೇಳಿ. ಜನೌಷಧಿ ಸುಗಮ್ ಆ್ಯಪ್‌ನಲ್ಲಿ ಹತ್ತಿರದ ಅಂಗಡಿಯೂ ಬೆಲೆಯೂ ಸಿಗುತ್ತದೆ. (ಅಮ್ಮನೇ ಹಾಸನಕ್ಕೆ ಹೋದರೆ ಶಕ್ತಿ ಯೋಜನೆಯಲ್ಲಿ ಬಸ್ ಚಾರ್ಜೂ ಇಲ್ಲ!) ಸರ್ಕಾರಿ ಆಸ್ಪತ್ರೆಯ ಎನ್‌ಸಿಡಿ (ಅಂಟದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ಬಿಪಿ, ಶುಗರ್ ಮಾತ್ರೆ ಉಚಿತ, ಅಲ್ಲೂ ಒಮ್ಮೆ ವಿಚಾರಿಸಿ.

ಇನ್ನೊಂದು ವಿಷಯ. ಚೀಟಿಯಲ್ಲಿ ಯಾವಾಗಲೋ ಶುರುವಾದ ಗ್ಯಾಸ್ ಮಾತ್ರೆ, ವಿಟಮಿನ್ ಇನ್ನೂ ನಡೀತಿದೆಯಾ? ಈಗಲೂ ಬೇಕಾ ಅಂತ ಡಾಕ್ಟರನ್ನು ಕೇಳಿ. ನೀವಾಗಿ ನಿಲ್ಲಿಸಬೇಡಿ, ಯಾಕಂದ್ರೆ ಮೆಟ್‌ಫಾರ್ಮಿನ್ ಬಹಳ ವರ್ಷ ತಗೊಂಡವರಲ್ಲಿ ಬಿ12 ವಿಟಮಿನ್ ಕಡಿಮೆ ಆಗೋದುಂಟು, ಆ ಮಾತ್ರೆ ಅದಕ್ಕೇ ಕೊಟ್ಟಿರಬಹುದು.