ಏಳನೇ ಮಂತ್ರಕ್ಕೆ ಮುಂಚೆ ಆರನೇದು ಇದೆ

ದಾವಣಗೆರೆಯ ಓದುಗರೊಬ್ರು ಬರೆದಿದಾರೆ, ಹೆಸರು ಹಾಕ್ಬೇಡಿ ಅಂದಿದಾರೆ. ಮೂರು ವರ್ಷದಿಂದ ಉಪನಿಷತ್ತಿನ ಕ್ಲಾಸಿಗೆ ಹೋಗ್ತಿದಾರಂತೆ, ಎಲ್ಲಾ ಒಂದೇ ಅನ್ನೋದು ಮನಸ್ಸಲ್ಲಿ ಗಟ್ಟಿಯಾಗಿ ಕೂತಿದೆಯಂತೆ. ಹೋದ ತಿಂಗಳು ಅತ್ತೆ ತೀರ್ಕೊಂಡಾಗ ಒಂದ್ ಹನಿ ಕಣ್ಣೀರು ಬರ್ಲಿಲ್ಲ, ಅಳ್ತಾ ಕೂತಿದ್ದ ಹೆಂಡ್ತಿಗೆ "ಯಾರು ಹುಟ್ಟಿದ್ದು, ಯಾರು ಸತ್ತಿದ್ದು, ಎಲ್ಲಾ ಒಂದೇ ಅಲ್ವಾ" ಅಂದ್ಬಿಟ್ರಂತೆ. ಆವತ್ತಿಂದ ಮನೇಲಿ ಮಾತಿಲ್ಲ. "ನನ್ನಲ್ಲಿ ಕರುಣೆ ಬತ್ತಿ ಹೋಯ್ತಾ? ಎಲ್ಲಾ ಒಂದೇ ಆದ್ಮೇಲೆ ಗಂಡ, ಅಳಿಯ ಅನ್ನೋ ನಾನು ಯಾರು?" ಅಂತ ಕೇಳಿದಾರೆ.

ಸರ್, ಅಳು ಬರ್ಲಿಲ್ಲ ಅನ್ನೋದಕ್ಕೆ ಕೊರಗ್ಬೇಡಿ. ಸಾವಿನ ಮನೇಲಿ ಓಡಾಡ್ಕೊಂಡು ಕೆಲ್ಸ ನೋಡ್ಕೊಳೋರಿಗೆ ಎಷ್ಟೋ ಸಲ ಅಳು ಬರಲ್ಲ, ತಿಂಗಳು ಕಳೆದ್ಮೇಲೆ ಬರುತ್ತೆ. ನನಗೆ ಚುಚ್ಚಿದ್ದು ನಿಮ್ಮ ಆ ಮಾತು.

ನೀವು ಈಶಾವಾಸ್ಯ ಉಪನಿಷತ್ತಿನ ಏಳನೇ ಮಂತ್ರ ಬರೆದು ಕಳ್ಸಿದೀರಿ, ಏಕತ್ವ ಕಂಡವನಿಗೆ ಮೋಹ ಎಲ್ಲಿ ಶೋಕ ಎಲ್ಲಿ ಅಂತ. ಅದರ ಹಿಂದಿನ ಆರನೇದನ್ನ ಇನ್ನೊಂದ್ಸಲ ಓದಿ. ಎಲ್ಲಾ ಜೀವಗಳನ್ನ ತನ್ನಲ್ಲಿ, ತನ್ನನ್ನ ಎಲ್ಲಾ ಜೀವಗಳಲ್ಲಿ ಕಾಣೋನಿಗೆ ಯಾರ ಮೇಲೂ ಜುಗುಪ್ಸೆ ಇರಲ್ಲ, ಯಾರನ್ನ ಕಂಡ್ರೂ ಅವನು ಹಿಂದೆ ಸರಿಯಲ್ಲ ಅನ್ನುತ್ತೆ ಅದು. ಶೋಕದ ಮಾತು ಬರೋದು ಅದಾದ್ಮೇಲೆ. ನಾವು ಆರನೇದನ್ನ ಹಾರ್ಕೊಂಡು ಏಳಕ್ಕೆ ಹೋಗ್ಬಿಡ್ತೀವಿ, ಯಾಕಂದ್ರೆ ಅದು ಸುಲಭ.

ನಮ್ಮಜ್ಜಿ ದಿನಾ ಬೆಳಿಗ್ಗೆ ಎಲ್ಲರಲ್ಲೂ ಇರೋನು ಅವನೊಬ್ಬನೇ ಅಂತ ಹಾಡ್ಕೊಂಡು ಹೂ ಬಿಡಿಸ್ತಿದ್ರು. ಹಿತ್ತಲು ಗುಡಿಸೋಕೆ ಬರ್ತಿದ್ದ ಹೆಂಗಸು ನೀರು ಕೇಳಿದ್ರೆ ಚೊಂಬು ಕೈಗೆ ಕೊಡ್ತಿರ್ಲಿಲ್ಲ, ಮೇಲಿಂದ ಹುಯ್ಯೋರು. ಆಕೆ ಬಗ್ಗಿ ಬೊಗಸೆ ಒಡ್ಡೋಳು, ಅರ್ಧ ನೀರು ಮೊಣಕೈವರೆಗೂ ಇಳಿದು ಸೀರೆ ನೆನೆಯೋದು. ಚೊಂಬಿಗೂ ಬೊಗಸೆಗೂ ಮಧ್ಯ ಒಂದು ಗೇಣು. ಅಜ್ಜಿ ಕೆಟ್ಟೋರಲ್ಲ, ಹಾಡೂ ಸುಳ್ಳಲ್ಲ, ಆದ್ರೆ ಆ ಒಂದು ಗೇಣು ಅವರು ಸಾಯೋವರೆಗೂ ಹಾಗೇ ಇತ್ತು. ಆರನೇ ಮಂತ್ರ ಕೇಳೋದು ಆ ಗೇಣಿನ ಲೆಕ್ಕವನ್ನ. ಕೇರಳದ ನಾರಾಯಣ ಗುರುಗಳೂ ಅದ್ವೈತಿಗಳೇ, ಅಂದ್ರೆ ಎಲ್ಲಾ ಒಂದೇ ಅನ್ನೋರೇ. ಅವರಿಗೆ ಎಲ್ಲಾ ಒಂದೇ ಅನ್ನೋದರ ಅರ್ಥ, ದೇವಸ್ಥಾನದ ಹೊರಗೇ ನಿಂತ ಜನರಿಗೂ ಒಂದು ಗರ್ಭಗುಡಿ ಇರ್ಬೇಕು ಅನ್ನೋದಾಗಿತ್ತು. 1888ರಲ್ಲಿ ಅರುವಿಪ್ಪುರಂನಲ್ಲಿ ಅವರೇ ಶಿವಲಿಂಗ ಪ್ರತಿಷ್ಠೆ ಮಾಡಿದ್ರು, 1912ರಲ್ಲಿ ನಮ್ಮ ಮಂಗಳೂರಿನ ಕುದ್ರೋಳಿಗೆ ಬಂದು ಗೋಕರ್ಣನಾಥನ ಪ್ರತಿಷ್ಠೆ ಮಾಡಿದ್ರು. ಆಮೇಲೆ 1927ರಲ್ಲಿ ಕೇರಳದ ಕಳವಂಕೋಡಂನಲ್ಲಿ ಮೂರ್ತಿ ಇರೋ ಜಾಗದಲ್ಲಿ ಕನ್ನಡಿ ಇಟ್ರು.

ಅಮೆರಿಕದ ಡ್ಯೂಕ್ ಯೂನಿವರ್ಸಿಟಿಯ ಕೇಟ್ ಡೀಬೆಲ್ಸ್, ಮಾರ್ಕ್ ಲಿಯರಿ ಅನ್ನೋ ಮನಶ್ಶಾಸ್ತ್ರಜ್ಞರು ಇದನ್ನೇ ಸರ್ವೇ ಮಾಡಿ ನೋಡಿದಾರೆ. ಎಲ್ಲಾ ಒಂದೇ ಅಂತ ನಂಬೋರಲ್ಲಿ 'ನಾನು' ಅನ್ನೋದು ದೂರದ ಜನ, ಪ್ರಕೃತಿ ಎಲ್ಲಾ ಸೇರ್ಕೊಂಡು ದೊಡ್ಡದಾಗಿರುತ್ತೆ, ಬೇರೆಯವರ ಕಷ್ಟದ ಬಗ್ಗೆ ಕಾಳಜಿನೂ ಜಾಸ್ತಿ ಕಾಣುತ್ತೆ ಅಂತ. ನಂಬಿಕೆಯಿಂದಲೇ ಕಾಳಜಿ ಬಂತು ಅಂತ ಸರ್ವೇ ಇಟ್ಕೊಂಡು ಹೇಳಕ್ಕಾಗಲ್ಲ, ಎರಡೂ ಜೊತೆಜೊತೆಗೆ ಕಾಣುತ್ತೆ ಅಷ್ಟೇ. ಆದ್ರೆ ಅಲ್ಲಿ 'ನಾನು' ಅಳಿಸಿ ಹೋಗಿಲ್ಲ, ಹಿಗ್ಗಿದೆ. ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರನೂ ಅದೇ, ನೀವು ಗಂಡನೂ ಹೌದು, ಅಳಿಯನೂ ಹೌದು, ಅದನ್ನ ಬಿಟ್ಕೊಡಿ ಅಂತ ಅದ್ವೈತ ಕೇಳಿಲ್ಲ.

ಶಂಕರರ ಕಥೆ ನಿಮಗೆ ಗೊತ್ತಿರುತ್ತೆ. ಸನ್ಯಾಸಿಗೆ ತಾಯಿಯ ಅಂತ್ಯಕ್ರಿಯೆ ಮಾಡೋ ಹಕ್ಕಿಲ್ಲ, ಆದ್ರೂ ಕೊಟ್ಟ ಮಾತಿಗೆ ಕಾಲಟಿಗೆ ವಾಪಸ್ ಬಂದ್ರು, ನೆಂಟರು ಯಾರೂ ಕೈ ಹಾಕ್ಲಿಲ್ಲ, ಮನೆ ಹಿತ್ತಲಲ್ಲೇ ಒಬ್ಬರೇ ಚಿತೆ ಹೊತ್ತಿಸಿದ್ರು ಅಂತ. ಎಲ್ಲಾ ಒಂದೇ ಅಂತ ಜಗತ್ತಿಗೆ ಸಾರಿದವರು ಅಲ್ಲಿಗೆ ಹೋಗಿದ್ದು ಮಗನಾಗಿ.

ನಿಮ್ಮ ಕಾಗದದ ಕೊನೇಲಿ ಒಂದು ಸಾಲಿದೆ, ಅತ್ತೆ ಪ್ರತಿ ಬೇಸಿಗೆಗೂ ಮಾವಿನಕಾಯಿ ಉಪ್ಪಿನಕಾಯಿ ಭರಣಿ ಕಳಿಸ್ತಿದ್ರು, ಈ ವರ್ಷದ್ದು ಇನ್ನೂ ಅರ್ಧ ಇದೆ ಅಂತ. ಇವತ್ತು ರಾತ್ರಿ ಊಟಕ್ಕೆ ಅದನ್ನ ನೀವೇ ತೆಗೆದು ಬಡಿಸಿ, ಅತ್ತೆ ಇದನ್ನ ಹೇಗೆ ಹಾಕ್ತಿದ್ರು ಅಂತ ಹೆಂಡ್ತಿನ ಕೇಳಿ. ಅವರು ಹೇಳ್ತಾ ಹೇಳ್ತಾ ಅಳ್ಬೋದು, ಅಳ್ಲಿ ಬಿಡಿ. ಮಧ್ಯ ಎದ್ದು ಹೋಗ್ಬೇಡಿ.